ಹಳೇ ಅಂಬಾಸಿಡರ್‌ಗೆ ಸ್ಟೇರಿಂಗ್ ಸಾಮಾನು: ದಾವಣಗೆರೆಯಿಂದ ಕಲ್ಕತ್ತಾದ ಮಲ್ಲಿಕ್ ಬಜಾರ್‌ವರೆಗೆ

ಅಂಬಾಸಿಡರ್ ಇಟ್ಟುಕೊಂಡವರಿಗೆ ಇಂಜಿನ್ ಚಿಂತೆ ಅಷ್ಟಿಲ್ಲ. ಅದರ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವವರು ನಮ್ಮ ದಾವಣಗೆರೆಯಲ್ಲಿ ಇನ್ನೂ ಇದ್ದಾರೆ. ಕ್ಲಚ್ ಪ್ಲೇಟು, ಬ್ರೇಕ್ ಕಿಟ್ಟು, ಬೇರಿಂಗು ಹೇಗೋ ಸಿಕ್ಕೇ ಸಿಗುತ್ತವೆ. ಕಷ್ಟ ಇರುವುದು ಸ್ಟೇರಿಂಗ್‌ನಲ್ಲಿ. ಅದರಲ್ಲೂ ಚಕ್ರಗಳನ್ನು ಎಡ ಬಲಕ್ಕೆ ಎಳೆಯುವ ಹಲ್ಲಿನ ದಂಡ, ಅಂದರೆ ರ‍್ಯಾಕ್ ಸವೆದರೆ, ಅಂಗಡಿಯವರು ಹೆಸರು ಕೇಳಿದ ಕೂಡಲೇ ನಗುತ್ತಾರೆ.

ನಮ್ಮದು 1996ರ ಅಂಬಾಸಿಡರ್ ನೋವಾ ಡೀಸೆಲ್. ದೊಡ್ಡಪ್ಪ ಹತ್ತಿ, ಮೆಕ್ಕೆಜೋಳದ ವ್ಯಾಪಾರಕ್ಕೆ ಅಂತ ತೆಗೆದುಕೊಂಡ ಕಾರು. ಜಗಳೂರು, ಹರಪನಹಳ್ಳಿ ಕಡೆಯ ಮಣ್ಣು ರಸ್ತೆಗಳಲ್ಲೇ ಅದರ ಅರ್ಧ ಆಯಸ್ಸು ಕಳೆದಿದೆ. 1489 ಸಿಸಿಯ ಎರಕದ ಕಬ್ಬಿಣದ ಇಂಜಿನ್, ಅದರ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಸ್ಟೇರಿಂಗ್ ಪಕ್ಕದಲ್ಲೇ ಇರುವ ಹ್ಯಾಂಡ್ ಗೇರ್. ಪವರ್ ಸ್ಟೇರಿಂಗ್ ಅನ್ನುವ ಮಾತೇ ಇಲ್ಲ.

ತೊಂದರೆ ನಿಧಾನವಾಗಿ ಬಂತು. ಹೆದ್ದಾರಿಯಲ್ಲಿ 60 ದಾಟಿದರೆ ಕಾರು ತನ್ನಷ್ಟಕ್ಕೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆಯುತ್ತಿತ್ತು. ಸ್ಟೇರಿಂಗ್ ಚಕ್ರವನ್ನು ಮೂರು ಬೆರಳಿನಷ್ಟು ತಿರುಗಿಸಿದರೂ ಟೈರು ಅಲುಗುತ್ತಿರಲಿಲ್ಲ. ಗುಂಡಿಗೆ ಇಳಿದರೆ ಕೆಳಗಿನಿಂದ ಕಟ್ ಕಟ್ ಅಂತ ಸದ್ದು. ಮನೆಯಲ್ಲಿ ಎಲ್ಲರೂ ಮಾರಿಬಿಡು ಅಂದರು. ನೋಂದಣಿ ನವೀಕರಣ ಬೇರೆ ಹತ್ತಿರ ಬಂದಿತ್ತು. 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕ 5,000ದಿಂದ 10,000 ರೂಪಾಯಿಗೆ ಏರಿದ್ದು 2025ರಲ್ಲಿ. ಅಷ್ಟು ಕಟ್ಟಿ ತಪಾಸಣೆಗೆ ನಿಲ್ಲಿಸುವ ಗಾಡಿಯ ಸ್ಟೇರಿಂಗ್ ಹೀಗಿದ್ದರೆ ಹೇಗೆ?

ಮೊದಲು ತೋರಿಸಿದ ಒಂದು ಗ್ಯಾರೇಜಿನಲ್ಲಿ ಸುಲಭದ ದಾರಿ ಹೇಳಿದರು. "ಸುಮ್ನೆ ಟೈಟ್ ಮಾಡಿಕೊಡ್ತೀವಿ ಬಿಡ್ರಿ, ಅರ್ಧ ಗಂಟೆ ಕೆಲಸ." ಅಂಬಾಸಿಡರ್ ಸ್ಟೇರಿಂಗ್ ಗೊತ್ತಿಲ್ಲದವರಿಗೆ ಇದು ಒಳ್ಳೆಯ ಸಲಹೆ ಅನ್ನಿಸಬಹುದು. ಆದರೆ ಇದರಲ್ಲೊಂದು ಅಪಾಯ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಳೇ ಫಿಯೆಟ್ ಅಂದರೆ ಪ್ರೀಮಿಯರ್ ಪದ್ಮಿನಿಯಲ್ಲಿ ಇದ್ದದ್ದು ಸ್ಟೇರಿಂಗ್ ಬಾಕ್ಸ್. ಅಂಬಾಸಿಡರ್‌ನಲ್ಲಿ ಮಾತ್ರ ಮೊದಲಿನಿಂದಲೂ ರ‍್ಯಾಕ್ ಮತ್ತು ಪಿನಿಯನ್. ನೋಡಲು ಅಜ್ಜನ ಕಾಲದ ಕಾರು, ಸ್ಟೇರಿಂಗ್ ಮಾತ್ರ ಮಾರುತಿ 800ರ ಜಾತಿಯದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ವಿನ್ಯಾಸ ಅದು. ಉದ್ದನೆಯ ಉಕ್ಕಿನ ದಂಡ, ಅದರ ಮೇಲೆ ಹಲ್ಲುಗಳು. ಸ್ಟೇರಿಂಗ್ ಕಾಲಂನ ತುದಿಯ ಪಿನಿಯನ್ ಅನ್ನುವ ಸಣ್ಣ ಹಲ್ಲುಚಕ್ರ ತಿರುಗಿದರೆ ದಂಡ ಎಡಕ್ಕೆ, ಬಲಕ್ಕೆ ಸರಿಯುತ್ತದೆ. ನಾವು ಗಾಡಿ ಓಡಿಸುವುದು ಹೆಚ್ಚಾಗಿ ನೇರಕ್ಕೆ, ಅಲ್ವಾ? ಹಾಗಾಗಿ ಸವೆಯುವುದು ದಂಡದ ನಟ್ಟನಡುವಿನ ಹಲ್ಲುಗಳು. ತುದಿಯ ಹಲ್ಲುಗಳು ಹೊಸದರಂತೆಯೇ ಉಳಿದಿರುತ್ತವೆ. ಈಗ ನಡುವಿನ ಪ್ಲೇ, ಅಂದರೆ ಸಡಿಲ, ಹೋಗಲಿ ಅಂತ ದಂಡವನ್ನು ಪಿನಿಯನ್ನಿಗೆ ಒತ್ತಿ ಹಿಡಿಯುವ ಡ್ಯಾಂಪರ್ ಪ್ಯಾಡಿನ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಮಾಡಿದರೆ ನೇರಕ್ಕೆ ಓಡುವಾಗ ಚೆನ್ನಾಗಿಯೇ ಅನ್ನಿಸುತ್ತದೆ. ಪೂರ್ತಿ ತಿರುಗಿಸಿದಾಗ ಸವೆಯದ ಹಲ್ಲು ಬಂದು ಪಿನಿಯನ್ ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ವಾಪಸ್ ಬರುವುದಿಲ್ಲ. ಪ್ಲೇ ಇರುವ ಸ್ಟೇರಿಂಗ್‌ಗಿಂತ ಸಿಕ್ಕಿಹಾಕಿಕೊಳ್ಳುವ ಸ್ಟೇರಿಂಗ್ ಹೆಚ್ಚು ಕೆಟ್ಟದ್ದು.

ಹಾಗಾಗಿ ದೊಡ್ಡಪ್ಪನ ಕಾಲದಿಂದ ಕಾರು ನೋಡುತ್ತಿದ್ದ ಮೇಸ್ತ್ರಿಯ ಹತ್ತಿರವೇ ಹೋದೆ. ಹಳೇ ಪಿ.ಬಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅವರ ಶೆಡ್. ಈಗ ಕಣ್ಣು ಸ್ವಲ್ಪ ಮಂಜು. ಕೈ ಮಾತ್ರ ಮಂಜಾಗಿಲ್ಲ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಸ್ಟೇರಿಂಗ್ ಚಕ್ರವನ್ನು ಅತ್ತ ಇತ್ತ ಸಣ್ಣಗೆ ಅಲ್ಲಾಡಿಸುತ್ತಿರು ಅಂದರು. ತಾವು ಕೆಳಗೆ ಮಲಗಿ ಒಂದೊಂದೇ ಜಾಯಿಂಟನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಸವೆದ ಜಾಯಿಂಟ್ ಕೈಯೊಳಗೆ ಟಿಕ್ ಅನ್ನುತ್ತದಂತೆ. ಚಕ್ರಗಳು ನೆಲದ ಮೇಲೆಯೇ ಇರಬೇಕು, ಜಾಕ್ ಹಾಕಿ ಎತ್ತಿದರೆ ಭಾರ ಇಲ್ಲದೆ ಸಣ್ಣ ಪ್ಲೇ ಕೈಗೆ ಸಿಗುವುದಿಲ್ಲ. ಆಮೇಲೆ ಜಾಕ್ ಹಾಕಿ, ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ವೀಲ್ ಬೇರಿಂಗ್ ನೋಡಿದರು. ಎಷ್ಟೋ ಜನ ಬೇರಿಂಗ್ ಸಡಿಲಾದದ್ದನ್ನೇ ಸ್ಟೇರಿಂಗ್ ಪ್ಲೇ ಅಂದುಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ ಅಂದರು.

ಅವರು ಕೊಟ್ಟ ತೀರ್ಪು ಹೀಗಿತ್ತು. ಬಲಗಡೆ ಟೈ ರಾಡ್ ಎಂಡ್, ಅಂದರೆ ಚಕ್ರದ ಕಡೆಗೆ ಹೋಗುವ ಸರಳಿನ ತುದಿಯ ಜಾಯಿಂಟ್, ಪೂರ್ತಿ ಹೋಗಿದೆ, ಎಡಗಡೆಯದೂ ಹೆಚ್ಚು ದಿನ ಬಾಳುವುದಿಲ್ಲ. ರ‍್ಯಾಕಿನ ಎಡ ತುದಿಯ ಒಳಗಿನ ಬಾಲ್ ಜಾಯಿಂಟ್ ಸಡಿಲ. ಎಡಗಡೆ ದಂಡವನ್ನು ಹೊರುವ ಬುಷ್ ಮೊಟ್ಟೆಯಾಕಾರಕ್ಕೆ ತಿರುಗಿದೆ. ನಡುವಿನ ಹಲ್ಲುಗಳು ಸವೆದಿವೆ. ಇದಕ್ಕೆಲ್ಲ ಮೂಲ ಎರಡೂ ಬದಿಯ ರಬ್ಬರ್ ಬೂಟು, ಅಂದರೆ ಧೂಳು ತಡೆಯುವ ರಬ್ಬರ್ ಚೀಲ. ಅದು ಯಾವಾಗಲೋ ಹರಿದಿದೆ. ಒಳಗಿನ ಎಣ್ಣೆ ಸೋರಿ ಹೋಗಿ, ಉಳಿದ ಜಿಡ್ಡಿಗೆ ನಮ್ಮ ಬಯಲು ಸೀಮೆಯ ಕೆಂಪು ಧೂಳು ಮೆತ್ತಿಕೊಂಡಿದೆ. ಆ ಮಿಶ್ರಣ ವಾಲ್ವ್ ಉಜ್ಜುವ ಪೇಸ್ಟಿಗೆ ಸಮ. ಇನ್ನೂರು ರೂಪಾಯಿಯ ರಬ್ಬರ್ ಹರಿದದ್ದಕ್ಕೆ ಇಡೀ ರ‍್ಯಾಕ್ ಅರೆದು ಹೋಗಿತ್ತು.

"ಪೂರಾ ರ‍್ಯಾಕ್ ಹೊಸದು ಕೇಳಬ್ಯಾಡ, ಸಿಗಂಗಿಲ್ಲ. ಯಾವ್ಯಾವುದು ಬೇಕೋ ಅದನ್ನಷ್ಟೇ ಹುಡುಕು," ಅಂದರು ಮೇಸ್ತ್ರಿ. ಒಂದು ಸಿಗರೇಟ್ ಪ್ಯಾಕಿನ ಹಿಂದೆ ಬರೆದೂ ಕೊಟ್ಟರು. ಬಾಲ್ ಇರುವ ಜಾಯಿಂಟ್‌ಗಳೆಲ್ಲ ಹೊಸದೇ ಆಗಬೇಕು, ಗುಜರಿ ಬೇಡ. ರ‍್ಯಾಕ್ ದಂಡ ಮತ್ತು ಪಿನಿಯನ್ ಗುಜರಿಯದು ನಡೆಯುತ್ತದೆ, ಆದರೆ ಜೋಡಿಯಾಗಿಯೇ ಬರಬೇಕು. ಬುಷ್ ಹುಡುಕಲೇ ಬೇಡ, ಲೇತಿನಲ್ಲಿ ಮಾಡಿಸು. ಹುಡುಕಾಟ ಮುಗಿಯುವವರೆಗೂ ಆ ಚೀಟಿ ನನ್ನ ಜೇಬಿನಲ್ಲೇ ಇತ್ತು. ನೂರು ಗಂಟೆ ಇಂಟರ್ನೆಟ್ ನೋಡಿದರೂ ಅಷ್ಟು ಸ್ಪಷ್ಟವಾದ ಮಾತು ನನಗೆ ಸಿಕ್ಕುತ್ತಿರಲಿಲ್ಲ.

ಟೈ ರಾಡ್ ಎಂಡ್‌ನಿಂದ ಶುರು ಮಾಡಿದೆ. ಪಿ.ಬಿ. ರಸ್ತೆ, ಅರುಣಾ ಟಾಕೀಸ್ ಸರ್ಕಲ್ ಸುತ್ತಮುತ್ತ ಕೇಳಿಕೊಂಡು ಬಂದೆ. ಈ ಊರಿನ ಬಿಡಿಭಾಗದ ವ್ಯಾಪಾರ ಬೆಳೆದದ್ದೇ ಪೂನಾ-ಬೆಂಗಳೂರು ರಸ್ತೆಯ ಲಾರಿಗಳಿಂದ. ಲಾರಿಯ ಸಾಮಾನು ಕೇಳಿದರೆ ಕಣ್ಣು ಮುಚ್ಚಿ ತೆಗೆದುಕೊಡುತ್ತಾರೆ. ಅಂಬಾಸಿಡರ್ ಅಂದರೆ, "ಅದು ಬರಾದು ನಿಂತು ಎಷ್ಟು ವರ್ಷ ಆತ್ರೀ?" ಅಂತ ನಮ್ಮನ್ನೇ ಕೇಳುತ್ತಾರೆ. ಕಲ್ಕತ್ತಾ ಹತ್ತಿರದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸ ನಿಂತದ್ದು 2014ರ ಮೇ ತಿಂಗಳಲ್ಲಿ. ಬ್ರ್ಯಾಂಡ್ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿಗೆ ಮಾರಿದರು. ಹೆಸರು ಹೋಯಿತು, ಬಿಡಿಭಾಗ ಯಾರು ಮಾಡಬೇಕು?

ಕೊನೆಗೆ ಒಬ್ಬ ವಯಸ್ಸಾದ ಅಂಗಡಿಯವರು ಅಟ್ಟದ ಮೇಲಿಂದ ಡಬ್ಬಿ ಇಳಿಸಿದರು. ಟೈ ರಾಡ್ ಎಂಡ್ ಅಂದರೆ ಈ ವ್ಯಾಪಾರದವರ ಬಾಯಿಗೆ ಮೊದಲು ಬರುವ ಹೆಸರು ಚೆನ್ನೈನ ರಾಣೆ. ಇವರ ಹತ್ತಿರ ಇದ್ದದ್ದು ಯಾವುದೋ ಕೇಳದ ಹೆಸರಿನದು. ಒಂದು ಜೊತೆ, ಬಳಸಿಲ್ಲ, ಡಬ್ಬಿ ಮಾತ್ರ ಹಳದಿಯಾಗಿತ್ತು. ಹಳೇ ಸ್ಟಾಕ್ ಸಿಕ್ಕರೆ ಕುಣಿಯುವವರು ಒಂದು ವಿಷಯ ತಿಳಿದಿರಬೇಕು. ಉಕ್ಕಿಗೆ ವಯಸ್ಸಾಗುವುದಿಲ್ಲ, ರಬ್ಬರಿಗೆ ಆಗುತ್ತದೆ. ಡಬ್ಬಿಯಲ್ಲೇ ಕೂತಿದ್ದರೂ ರಬ್ಬರ್ ಟೋಪಿ ಬಿರುಕು ಬಿಟ್ಟಿರುತ್ತದೆ, ಒಳಗಿನ ಗ್ರೀಸ್ ಒಣಗಿ ಮೇಣ ಆಗಿರುತ್ತದೆ. ಇದರಲ್ಲೂ ಹಾಗೇ ಆಗಿತ್ತು. ಬಾಲ್ ಪಿನ್ ಕೈಯಲ್ಲಿ ತಿರುಗಿಸಿ ನೋಡಿದೆ. ಎಲ್ಲ ಕಡೆಯೂ ಒಂದೇ ಸಮ ಬಿಗಿ, ಎಲ್ಲೂ ಟಿಕ್ ಇಲ್ಲ. ಮೇಸ್ತ್ರಿ ಕಲಿಸಿದಂತೆ ಪಿನ್ನಿನ ಇಳಿಜಾರು ಭಾಗಕ್ಕೆ ಸೀಮೆಸುಣ್ಣ ಬಳಿದು, ಜೊತೆಗೆ ಒಯ್ದಿದ್ದ ಹಳೇ ಸ್ಟೇರಿಂಗ್ ಆರ್ಮಿನ ತೂತಿನೊಳಗೆ ತಿರುಗಿಸಿ ತೆಗೆದೆ. ಸುಣ್ಣ ಸುತ್ತಲೂ ಸಮವಾಗಿ ಅಳಿಸಿದ್ದರೆ ಟೇಪರ್ ಸರಿಯಾಗಿ ಕೂರುತ್ತದೆ ಅಂತ ಅರ್ಥ. ಒಂದೇ ಅಂಚಿನಲ್ಲಿ ಅಳಿಸಿದರೆ ನಕಲಿ ಮಾಲು, ಅಥವಾ ಬೇರೆ ಗಾಡಿಯದು. ಅಂಗಡಿಯವರು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದರು. "ಯಾರು ಹೇಳಿಕೊಟ್ರು ಇದನ್ನ?" ಅಂತ ಕೇಳಿ ಟೀ ತರಿಸಿದರು. ರಬ್ಬರ್ ಟೋಪಿ ಬೇರೆ ಹಾಕಿಕೊಂಡರಾಯಿತು, ಗ್ರೀಸ್ ತೊಳೆದು ಹೊಸದು ತುಂಬಿದರಾಯಿತು ಅಂತ ಆ ಜೊತೆ ತೆಗೆದುಕೊಂಡೆ.

ಇದರ ನಡುವೆ ಆನ್‌ಲೈನ್‌ನಲ್ಲೂ ಒಂದು ಪ್ರಯತ್ನ ನಡೆಯಿತು. ಒಬ್ಬ ಮಾರಾಟಗಾರರ ಪುಟದಲ್ಲಿ 'ಅಂಬಾಸಿಡರ್‌ಗೆ ಸರಿಹೊಂದುತ್ತದೆ' ಅಂತ ಬರೆದಿತ್ತು. ಬಂದ ಬಾಲ್ ಜಾಯಿಂಟಿಗೆ ಇದ್ದದ್ದು ಮೆಟ್ರಿಕ್ ಥ್ರೆಡ್. ಇಂಗ್ಲೆಂಡಿನ ವಿನ್ಯಾಸ ಆದ್ದರಿಂದ ಈ ಕಾರಿನ ಬೋಲ್ಟು ನಟ್ಟುಗಳು ಇಂಚಿನ ಲೆಕ್ಕದವು, ಯುಎನ್‌ಎಫ್ ಥ್ರೆಡ್. ಮೋಸ ಏನೆಂದರೆ, ಅಳತೆ ಹತ್ತಿರ ಹತ್ತಿರ ಇದ್ದಾಗ ನಟ್ಟು ಒಂದೆರಡು ಸುತ್ತು ಹತ್ತಿಯೇ ಬಿಡುತ್ತದೆ. ಆಮೇಲೆ ಬಿಗಿಯಾಗುತ್ತದೆ. ಅವಸರದಲ್ಲಿ ಇರುವವನು ಸ್ಪಾನರ್ ಹಾಕಿ ಜಗ್ಗಿದರೆ ಥ್ರೆಡ್ ಕಿತ್ತು, ಬಿಗಿಯಾದಂತೆ ಕಾಣುತ್ತದೆ, ಬಿಗಿಯಾಗಿರುವುದಿಲ್ಲ. ಸ್ಟೇರಿಂಗ್‌ನಲ್ಲಿ ಅದೊಂದು ಸಾಕು. ಥ್ರೆಡ್ ಗೇಜ್ ಅಂತ ಬರುತ್ತದೆ, ಬಾಚಣಿಗೆಯ ಹಾಗೆ ಹಲ್ಲಿರುವ ತಗಡುಗಳ ಕಟ್ಟು, ಬೆಲೆಯೂ ಕಡಿಮೆ. ಹಳೇ ಕಾರು ಇಟ್ಟುಕೊಂಡವರು ಒಂದು ಕೊಂಡಿಟ್ಟುಕೊಳ್ಳಿ. ಆ ಪಾರ್ಸೆಲ್ ವಾಪಸ್ ಕಳಿಸಿದೆ.

ಒಳಗಿನ ಬಾಲ್ ಜಾಯಿಂಟಿನ ಕಿಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ ಅಂದುಕೊಂಡಿದ್ದೆ. ಗೆಳೆಯನೊಬ್ಬ ಅಲ್ಲಿ ಅಂಗಡಿ ಅಂಗಡಿ ಸುತ್ತಿ, ಬೂಟುಗಳನ್ನು ಮಾತ್ರ ತೆಗೆದು ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಕಳಿಸಿದ. ಬಾಲ್ ಸೀಟು, ಹೌಸಿಂಗ್ ಬೇಕಾದರೆ ಕಲ್ಕತ್ತಾಕ್ಕೇ ಕೇಳಿ ಅಂದರಂತೆ. ಸರಿಯಾದ ಮಾತೇ. ಅಲ್ಲಿನ ಹಳದಿ ಟ್ಯಾಕ್ಸಿ ಅಂದರೆ ಬಹಳ ಕಾಲ ಅಂಬಾಸಿಡರೇ. ಮಲ್ಲಿಕ್ ಬಜಾರ್‌ನಲ್ಲಿ ಈ ಕಾರಿನ ಒಂದೊಂದು ತಿರುಪೂ ಸಿಗುತ್ತದೆ ಅನ್ನುವುದು ಆ ಟ್ಯಾಕ್ಸಿಗಳ ಪುಣ್ಯ. ಆದರೆ ಕಲ್ಕತ್ತಾದಲ್ಲಿ ಬಾಡಿಗೆ ಗಾಡಿಗೆ 15 ವರ್ಷದ ಮಿತಿ ಇದೆ. 2014ಕ್ಕೇ ತಯಾರಿಕೆ ನಿಂತಿದ್ದರಿಂದ ಟ್ಯಾಕ್ಸಿಗಳು ಒಂದೊಂದಾಗಿ ರಸ್ತೆಯಿಂದ ಇಳಿಯುತ್ತಿವೆ. ಅವು ಇಳಿದಂತೆ ಅಂಗಡಿಯವರೂ ಹೊಸ ಮಾಲು ತರಿಸುವುದು ಬಿಡುತ್ತಾರೆ. ಬೇಕಾದದ್ದನ್ನು ಈಗಲೇ ತೆಗೆದಿಟ್ಟುಕೊಳ್ಳುವುದು ಲೇಸು ಅಂತ ನನ್ನ ಅನಿಸಿಕೆ.

ಮಲ್ಲಿಕ್ ಬಜಾರ್‌ನ ವ್ಯಾಪಾರಿಯ ಜೊತೆ ವಾಟ್ಸಾಪ್‌ನಲ್ಲಿ ನನ್ನ ಹರುಕು ಹಿಂದಿಯಲ್ಲಿ ಮಾತಾಡಿದೆ. ಅವರು ಮೊದಲು ಕೇಳಿದ್ದು ಹಣ ಅಲ್ಲ, ಫೋಟೋ. ಹಳೇ ಭಾಗದ ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೇಲಿನಿಂದ ಒಂದು, ಪಕ್ಕದಿಂದ ಒಂದು. ಆಮೇಲೆ ಪ್ರಶ್ನೆಗಳು: ಮಾರ್ಕ್ ಫೋರಾ, ನೋವಾನಾ, ಇಸುಜು ಇಂಜಿನ್ನಿನ ಗಾಡಿಯಾ? ಗೇರ್ ಕೈಯಲ್ಲಾ, ನೆಲದಲ್ಲಾ? ಇಷ್ಟು ಕೇಳುವವರು ಸಿಕ್ಕರೆ ಅರ್ಧ ಕೆಲಸ ಆದಂತೆ. ಏನೂ ಕೇಳದೆ 'ಇದೆ, ಕಳಿಸ್ತೀನಿ' ಅನ್ನುವವರನ್ನು ಕಂಡರೆ ನನಗೆ ಈಗ ಭಯ. ಕಿಟ್ಟು ಕೊರಿಯರ್‌ನಲ್ಲಿ ಬಂತು. ಬಾಲ್ ಸೀಟು, ಹೌಸಿಂಗ್, ಶಿಮ್‌ಗಳು, ಲಾಕ್ ನಟ್ಟು ಎಲ್ಲ ಇದ್ದವು. ಗೇಜ್ ಹಾಕಿ ನೋಡಿದೆ, ಇಂಚಿನದೇ.

ಇನ್ನು ರ‍್ಯಾಕ್ ದಂಡ. ಇದಕ್ಕಾಗಿ ಚಿತ್ರದುರ್ಗಕ್ಕೆ ಹೋದೆ. ನಮ್ಮಲ್ಲಿಂದ 60 ಕಿಲೋಮೀಟರ್ ಚಿಲ್ಲರೆ. ಚಳ್ಳಕೆರೆ ಗೇಟ್ ದಾಟಿದ ಮೇಲೆ ಒಂದು ಗುಜರಿ ಅಂಗಳದಲ್ಲಿ ಅಂಬಾಸಿಡರ್‌ಗಳು ಇವೆ ಅಂತ ಲಾರಿ ಡ್ರೈವರೊಬ್ಬರು ಹೇಳಿದ್ದರು. ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ಇಷ್ಟು ದೊಡ್ಡ ಜಿಲ್ಲೆಯ ಕಚೇರಿಗಳೆಲ್ಲ ದುರ್ಗದಲ್ಲೇ. ಸಾಹೇಬರು ಅಂದರೆ ಬಿಳಿ ಅಂಬಾಸಿಡರ್, ಆ ಕಾಲ. ಆ ಬಿಳಿ ಕಾರುಗಳೇ ಕೊನೆಗೆ ಹರಾಜಿನಲ್ಲಿ ಹೋಗಿ ಇಂಥ ಅಂಗಳಗಳಿಗೆ ಬಂದವು.

ಅಂಗಳದಲ್ಲಿ ಬಾಗಿಲಿಲ್ಲದ, ಚಕ್ರವಿಲ್ಲದ ಗಾಡಿಗಳು. ಜಾಲಿ ಗಿಡ ಸೀಟಿನ ಒಳಗಿಂದ ಬೆಳೆದಿತ್ತು. ಮಾಲೀಕ ಎರಡು ರ‍್ಯಾಕ್ ತೋರಿಸಿದ. ಒಂದು ಬಾಡಿಗೆ ಓಡಿಸಿದ ಗಾಡಿಯದು, ಇನ್ನೊಂದು ಕಚೇರಿ ಗಾಡಿಯದು. ಎರಡನೆಯದು ಹೊರಗಿನಿಂದ ತುಕ್ಕು ಹಿಡಿದು ಕೆಂಪಾಗಿತ್ತು. ಮೊದಲನೆಯದು ಎಣ್ಣೆ ಜಿಡ್ಡಿನಿಂದ ಕಪ್ಪಗೆ ಹೊಳೆಯುತ್ತಿತ್ತು. ನೋಡಿದವರು ಹೊಳೆಯುವುದನ್ನೇ ಎತ್ತಿಕೊಳ್ಳುತ್ತಾರೆ. ಪಿನಿಯನ್ ತುದಿಗೆ ಗ್ರಿಪ್ ಪ್ಲಯರ್ ಹಾಕಿ ಈ ಕೊನೆಯಿಂದ ಆ ಕೊನೆಯವರೆಗೆ ನಿಧಾನಕ್ಕೆ ತಿರುಗಿಸಿ ನೋಡಿದೆ. ಹೊಳೆಯುವ ರ‍್ಯಾಕ್ ನಡುವೆ ಬಂದಾಗ ಲಡಲಡ, ತುದಿಯಲ್ಲಿ ಬಿಗಿ. ನಮ್ಮದರದೇ ಅಣ್ಣ. ತುಕ್ಕು ಹಿಡಿದದ್ದು ಉದ್ದಕ್ಕೂ ಒಂದೇ ಥರ ತಿರುಗಿತು. ಬೂಟು ಸರಿಸಿ ನೋಡಿದರೆ ಒಳಗೆ ಹಳೇ ಎಣ್ಣೆ ಇನ್ನೂ ಅಂಟಿಕೊಂಡಿತ್ತು, ದಂಡದ ಮೇಲೆ ತುಕ್ಕಿನ ಗುಂಡಿಗಳಿರಲಿಲ್ಲ. ಸಾಹೇಬರ ಗಾಡಿ ಹೆಚ್ಚು ಓಡಿಲ್ಲ, ಹೆಚ್ಚು ನಿಂತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಕಾಲಂ ಸೇರುವ ತುದಿಯ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ ನಮ್ಮದಕ್ಕೆ ಹೋಲಿಸಿದೆ. ದಂಡ ಸೊಟ್ಟ ಇದೆಯಾ ಅಂತ ನೋಡಲು, ಬಿದ್ದಿದ್ದ ಕಾರಿನ ಬಾಗಿಲಿನ ಗಾಜಿನ ಮೇಲೆ ಹಲ್ಲಿಲ್ಲದ ಭಾಗವನ್ನು ಉರುಳಿಸಿದೆ. ಅಡಿಯಲ್ಲಿ ಬೆಳಕು ಕಾಣಲಿಲ್ಲ.

ಬೆಲೆಯ ಮಾತು ಬಂದಾಗ ಮಾಲೀಕ ಲೆಕ್ಕ ಬದಲಿಸಿದ. ಯಾರೂ ಕೇಳದಿದ್ದರೆ ಅದು ಕೆ.ಜಿ. ಲೆಕ್ಕದ ಕಬ್ಬಿಣ. ಯಾರಾದರೂ ದಾವಣಗೆರೆಯಿಂದ ಬಂದು ಕೇಳಿದರೆ ಅದು 'ಅಪರೂಪದ ಐಟಂ'. ಸಾಕಷ್ಟು ಚೌಕಾಸಿಯಾಗಿ 2,500ಕ್ಕೆ ಬಂತು. ನನಗೇನೂ ಬೇಸರ ಆಗಲಿಲ್ಲ. ಅವನು ಕತ್ತರಿಸಿ ಕಬ್ಬಿಣಕ್ಕೆ ಹಾಕದೆ ಇಟ್ಟುಕೊಂಡಿದ್ದಕ್ಕೂ ಒಂದು ಬೆಲೆ ಇದೆ.

ಬುಷ್‌ಗೆ ಹರಿಹರ. ದಾವಣಗೆರೆಯಲ್ಲೇ ಲೇತ್ ಅಂಗಡಿಗಳು ಬೇಕಾದಷ್ಟಿವೆ, ಆದರೂ ಮೇಸ್ತ್ರಿ ಹರಿಹರಕ್ಕೇ ಹೋಗು ಅಂದರು. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ಮಾಡುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ಆಯಿತು. ಅಲ್ಲಿ ಕೈ ಪಳಗಿಸಿಕೊಂಡವರು ಕೆಲವರು ಊರಲ್ಲೇ ಸಣ್ಣ ಶೆಡ್ ಹಾಕಿಕೊಂಡು ಉಳಿದರು. ಮೇಸ್ತ್ರಿ ಹೇಳಿದ ಟರ್ನರ್ ಅವರಲ್ಲಿ ಒಬ್ಬರು. ಅವರ ಶೆಡ್ಡಿನಲ್ಲಿ ಇದ್ದದ್ದೂ ಹಳೇ ಕಿರ್ಲೋಸ್ಕರ್ ಲೇತೇ.

ನಾನು ಹಳೇ ಬುಷ್ ಕೊಟ್ಟು ಇದರ ಹಾಗೇ ಒಂದು ಮಾಡಿಕೊಡಿ ಅಂದೆ. ಅವರು ಬುಷ್ ಪಕ್ಕಕ್ಕಿಟ್ಟು ದಂಡ ಕೇಳಿದರು. "ಬುಷ್ ಸವದೈತೆ, ಅದರ ಅಳತಿ ತಗಂಡು ನಾನೇನ್ ಮಾಡ್ಲಿ? ದಂಡ ಕೊಡ್ರಿ." ದಂಡವನ್ನು ಮೈಕ್ರೋಮೀಟರ್‌ನಿಂದ ಹಲವು ಕಡೆ, ತಿರುಗಿಸಿ ತಿರುಗಿಸಿ ಅಳೆದರು. ಆಮೇಲೆ ದಂಡ ಕೂರುವ ಹೊರ ಕವಚದ ಒಳ ಅಳತೆ. ಗನ್ ಮೆಟಲ್ (ಒಂದು ಬಗೆಯ ಕಂಚು) ತುಂಡನ್ನು ಲೇತಿನ ಚಕ್ಕಿಗೆ ಹಾಕಿ, ದಂಡಕ್ಕೆ ಎರಡು ಥೌ ಸಡಿಲ ಇರುವಂತೆ, ಅಂದರೆ ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡರಷ್ಟು, ಒಳಗೆ ಕೊರೆದರು. ಎಣ್ಣೆ ಹರಿಯಲು ಒಳಗೊಂದು ಸಣ್ಣ ಕಾಲುವೆ ಕೊಟ್ಟರು. ದಂಡ ಹಾಕಿದಾಗ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಿತು. ಅದನ್ನು ನೋಡುತ್ತ ಕೂರುವುದೇ ಒಂದು ಸುಖ.

ಅಲ್ಲಿದ್ದಾಗ ಇನ್ನೊಂದು ಕೇಳಿದೆ. ಬಾಲ್ ಪಿನ್ ಕೂಡ ನೀವೇ ಮಾಡಬಹುದಲ್ವಾ, ಜಾಯಿಂಟಿಗೆ ಅಂಗಡಿ ಅಂಗಡಿ ಯಾಕೆ ಸುತ್ತಬೇಕಿತ್ತು ಅಂತ. ಅವರು ಲೇತ್ ಆಫ್ ಮಾಡಿಯೇ ಉತ್ತರ ಕೊಟ್ಟರು. ಬಾಲ್ ಪಿನ್ ಫೋರ್ಜಿಂಗ್ ಮಾಲು. ಕಾಯಿಸಿ ಬಡಿದು ಆಕಾರ ಕೊಟ್ಟಾಗ ಲೋಹದ ಎಳೆಗಳು ಆಕಾರದ ಜೊತೆಯೇ ಬಾಗಿರುತ್ತವೆ. ಸರಳಿನಿಂದ ಕಡೆದು ತೆಗೆದರೆ ಆ ಎಳೆಗಳು ಕುತ್ತಿಗೆಯ ಹತ್ತಿರವೇ ಕತ್ತರಿಸಿ ಹೋಗುತ್ತವೆ, ಮುರಿಯುವುದೂ ಅಲ್ಲೇ. ಮೇಲ್ಮೈಗೆ ಹದ ಬೇರೆ ಕೊಟ್ಟಿರಬೇಕು. ವೆಲ್ಡಿಂಗ್ ಮಾಡಿ ಸವೆದದ್ದನ್ನು ತುಂಬಿಸಿದರೆ ಆ ಹದವೂ ಹೋಗಿ, ಪಕ್ಕದಲ್ಲೇ ಬಿರುಕು ಶುರುವಾಗುತ್ತದೆ. "ಬುಷ್ ಹೋದ್ರೆ ಸದ್ದು ಬರ್ತೈತೆ. ಬಾಲ್ ಪಿನ್ ಮುರಿದ್ರೆ ಸದ್ದು ಮಾಡಾಕೆ ನೀವೇ ಇರಂಗಿಲ್ಲ," ಅಂದು ಮತ್ತೆ ಲೇತ್ ಆನ್ ಮಾಡಿದರು.

ಸಾಮಾನೆಲ್ಲ ಸೇರಿದ ಮೇಲೆ ಕಟ್ಟುವ ಕೆಲಸ. ಅದನ್ನು ಮೇಸ್ತ್ರಿ ಅವಸರ ಇಲ್ಲದೆ ಮಾಡಿದರು. ಮೊದಲು ಬಿಚ್ಚುವಾಗಲೂ ಹಾಗೇ ಮಾಡಿದ್ದರು. ಹಳೇ ಟೈ ರಾಡ್ ಎಂಡ್ ಬಿಚ್ಚುವ ಮೊದಲು ಲಾಕ್ ನಟ್ಟಿನ ಜಾಗಕ್ಕೆ ಬಿಳಿ ಪೇಂಟ್ ಹಚ್ಚಿದ್ದರು, ಹೊಸದನ್ನು ಅಲ್ಲಿಯವರೆಗೇ ಹತ್ತಿಸಿದರೆ ಅಲೈನ್‌ಮೆಂಟ್ ತೀರಾ ದೂರ ಹೋಗುವುದಿಲ್ಲ. ಟೇಪರ್ ಬಿಡಿಸಲು ಪಿನ್ನಿನ ತುದಿಗೆ ಬಡಿದಿರಲಿಲ್ಲ. ಆರ್ಮಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಇನ್ನೊಂದು ಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ಒಂದು ಏಟು. ಪಟ್ ಅಂತ ಬಿಟ್ಟುಕೊಂಡಿತ್ತು.

ಗುಜರಿಯ ದಂಡ ಮತ್ತು ಅದರದೇ ಪಿನಿಯನ್, ನಮ್ಮ ಹಳೇ ಕವಚ, ಹರಿಹರದ ಬುಷ್, ಕಲ್ಕತ್ತಾದ ಬಾಲ್ ಸೀಟು. ಒಟ್ಟಿಗೆ ಸವೆದ ಹಲ್ಲುಗಳು ಒಟ್ಟಿಗೇ ಇರಬೇಕು, ಇದರ ದಂಡಕ್ಕೆ ಅದರ ಪಿನಿಯನ್ ಹಾಕಿದರೆ ಎರಡೂ ಬೇಗ ಹಾಳು. ಬಾಲ್ ಜಾಯಿಂಟಿನ ಶಿಮ್ ಒಂದೊಂದೇ ಕಡಿಮೆ ಮಾಡುತ್ತ, ಟೈ ರಾಡ್ ಕೈಯಲ್ಲಿ ಅಲುಗಾಡಬೇಕು ಆದರೆ ತಾನಾಗಿ ಜೋತು ಬೀಳಬಾರದು ಅನ್ನುವ ಬಿಗಿಗೆ ತಂದರು. ಡ್ಯಾಂಪರ್ ಪ್ಯಾಡಿನ ಬಿಗಿ ನೋಡುವಾಗ ಈ ಕೊನೆಯಿಂದ ಆ ಕೊನೆಯವರೆಗೆ ಮತ್ತೆ ಮತ್ತೆ ತಿರುಗಿಸಿದರು. ಎಲ್ಲಿಯೂ ಹಿಡಿಯಬಾರದು, ಹಿಡಿಯುವ ಜಾಗ ಇದ್ದರೆ ಅದನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಶಿಮ್ ಹಾಕಬೇಕು. ರ‍್ಯಾಕ್ ನಟ್ಟನಡುವೆ ಇರುವಾಗಲೇ ಸ್ಟೇರಿಂಗ್ ಚಕ್ರವನ್ನು ನೇರಕ್ಕೆ ಕೂರಿಸಿದರು. ಇಲ್ಲದಿದ್ದರೆ ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ ತಿರುಗುತ್ತದೆ. ಬೂಟಿನೊಳಗೆ 90 ನಂಬರ್ ಗೇರ್ ಎಣ್ಣೆ ಹಾಕಿ ಕ್ಲಿಪ್ ಬಿಗಿದರು. ಕೊನೆಗೆ ಕ್ಯಾಸಲ್ ನಟ್ಟುಗಳಿಗೆ, ಅವು ಸಡಿಲಾಗದಂತೆ, ಸ್ಪ್ಲಿಟ್ ಪಿನ್. ಹುಡುಗ ಹಳೇ ಪಿನ್ನುಗಳನ್ನೇ ನೆಟ್ಟಗೆ ಮಾಡಿ ತಂದಿದ್ದ. ಮೇಸ್ತ್ರಿ ಅವನ್ನು ಕಸಿದು ಚರಂಡಿಗೆ ಎಸೆದರು. ಒಮ್ಮೆ ಬಗ್ಗಿದ ಪಿನ್ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಎರಡು ರೂಪಾಯಿಯ ವಸ್ತುವಿನಲ್ಲಿ ಉಳಿತಾಯ ಏನು ಬಂತು?

ಅಲೈನ್‌ಮೆಂಟ್‌ಗೆ ಒಂದು ಕಂಪ್ಯೂಟರ್ ಅಂಗಡಿಗೆ ಹೋದರೆ ಅವರ ಯಂತ್ರದ ಪಟ್ಟಿಯಲ್ಲಿ ನಮ್ಮ ಕಾರೇ ಇಲ್ಲ. "ಯಾವುದಾದ್ರೂ ಹತ್ತಿರದ್ದು ಹಾಕ್ಲಾ ಸಾರ್?" ಅಂದ ಹುಡುಗ. ಬೇಡಪ್ಪಾ ಅಂತ ವಾಪಸ್ ಶೆಡ್ಡಿಗೆ ಬಂದೆವು. ಮೇಸ್ತ್ರಿಯ ಹತ್ತಿರ ವರ್ಕ್‌ಶಾಪ್ ಮ್ಯಾನುಯಲ್‌ನ ಜೆರಾಕ್ಸ್ ಇತ್ತು, ಟೋ-ಇನ್ ಅಳತೆ, ಅಂದರೆ ಮುಂದಿನ ಚಕ್ರಗಳ ಮುಂಭಾಗ ಎಷ್ಟು ಒಳಕ್ಕೆ ಓರೆ ಇರಬೇಕು ಅನ್ನುವುದು, ಅದರಲ್ಲೇ ಇದೆ. ಮುಂದಿನ ಒಂದೊಂದು ಟೈರಿನ ಮೈಯ ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದು, ಆಕ್ಸಲ್ ಎತ್ತರಕ್ಕೆ ಮುಂಭಾಗದಲ್ಲಿ ಗೆರೆಯಿಂದ ಗೆರೆಗೆ ಅಳೆದರು. ಆಮೇಲೆ ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ, ಅದೇ ಗುರುತು ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆದರು. ಎರಡರ ವ್ಯತ್ಯಾಸವೇ ಟೋ-ಇನ್. ಅದೇ ಗುರುತನ್ನು ಅಳೆಯುವುದರಿಂದ ರಿಮ್ ಸ್ವಲ್ಪ ಸೊಟ್ಟ ಇದ್ದರೂ ಲೆಕ್ಕ ತಪ್ಪುವುದಿಲ್ಲ.

ಸಾಮಾನು, ಲೇತು, ಕೂಲಿ ಎಲ್ಲ ಸೇರಿ 12,000ದ ಆಸುಪಾಸು ಬಂತು. ಓಡಾಟದ ಡೀಸೆಲ್ ನಾನು ಲೆಕ್ಕ ಹಾಕಿಲ್ಲ, ಹಾಕುವುದೂ ಇಲ್ಲ. ಈಗ ಬೈಪಾಸಿನಲ್ಲಿ 70ರಲ್ಲಿ ಹೋದರೂ ಒಂದು ಕೈಯಲ್ಲಿ ಹಿಡಿಯಬಹುದು. ನಿಂತ ಜಾಗದಲ್ಲಿ ತಿರುಗಿಸುವಾಗ ಮಾತ್ರ ಇನ್ನೂ ತೋಳು ನೋಯುತ್ತದೆ, ಅದು ಈ ಕಾರಿನ ಸ್ವಭಾವ. ಸ್ವಲ್ಪ ದಿನ ಓಡಿದ ಮೇಲೆ ಲಾಕ್ ನಟ್ಟುಗಳನ್ನೂ ಬೂಟಿನ ಕ್ಲಿಪ್ಪುಗಳನ್ನೂ ಇನ್ನೊಮ್ಮೆ ನೋಡಿದೆವು. ಒಂದು ಕ್ಲಿಪ್ ಸಡಿಲಾಗಿತ್ತು.

ಗುಜರಿ ರ‍್ಯಾಕಿನ ಕವಚ ಮಿಕ್ಕಿತ್ತು. ನಾನು ಸಾಮಾನು ಹುಡುಕುತ್ತಿದ್ದ ಸುದ್ದಿ ಅಂಗಡಿಗಳಲ್ಲಿ ಹರಡಿ, ಹಿರಿಯೂರಿನಿಂದ ಒಬ್ಬರು ಫೋನ್ ಮಾಡಿದರು. ಅವರ ಅಂಬಾಸಿಡರ್ ಕಲ್ಲಿಗೆ ಬಡಿದು ಕವಚ ಸೀಳಿದೆಯಂತೆ. ಕೊಟ್ಟೆ. ದುಡ್ಡು ಬೇಡ, ನಿಮ್ಮ ಹತ್ತಿರ ಹಿಂದಿನ ಬ್ರೇಕ್ ಡ್ರಮ್ ಹೆಚ್ಚುವರಿ ಇದ್ದರೆ ಹೇಳಿ ಅಂದಿದ್ದೇನೆ.